ಕೊಡಲಿಗೆ ಕಾವು

‘ಕೊಡಲಿಯ ಕಾವು ಕುಲಕ್ಕೆ ಸಾವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮರವನ್ನು ಕಡಿಯುವುದು ಕಬ್ಬಿಣವಾದರೂ ಆ ಕಬ್ಬಿಣಕ್ಕೆ ಬಲವನ್ನೀಯುವುದು ಮರದ ಕುಲದಲ್ಲೇ ಹುಟ್ಟಿದ ಒಂದು ತುಂಡು ಎಂಬುದು ಅದರ ಇಂಗಿತ. ಗಡಿನಾಡಿನ ಸಭೆ ಸಮಾರಂಭಗಳಲ್ಲಿ ಈ ಮಾತು ಭಾಷಣಕಾರರ ಬಾಯಿಯಿಂದ ಎಷ್ಟು ಸಲ ಬಂದಿದೆಯೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಗಾದೆಯನ್ನು ಬಲ್ಲ ನಮ್ಮಲ್ಲಿ ಕಾವನ್ನು ಬಲ್ಲವರೆಷ್ಟು ಮಂದಿ? ಒಳ್ಳೆಯ ಕಾವು ಯಾವ ಮರದ್ದು, ಅದನ್ನು ಕೊಡಲಿಗೆ ಹೇಗೆ ಕೂರಿಸಬೇಕು, ಅದು ಏತಕ್ಕೆ ಸಡಿಲಾಗುತ್ತದೆ ಎಂದು ಕೇಳಿದರೆ ಮನೆಯಲ್ಲಿ ಉತ್ತರ ಕೊಡುವವರು ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಈ ತಿಂಗಳು ಗಾದೆಯ ಗೂಢಾರ್ಥವನ್ನು ಬದಿಗಿರಿಸಿ, ಕಾವಿನ ವಿಚಾರವನ್ನೇ ನೇರವಾಗಿ ಎತ್ತಿಕೊಳ್ಳುತ್ತೇವೆ.

ಅಡುಗೆಮನೆಗೆ ಅನಿಲದ ಸಿಲಿಂಡರು ಬಂದ ಮೇಲೆ ಕೊಡಲಿಯ ಗೊಡವೆ ಇನ್ನೇತಕ್ಕೆ ಎಂದು ಕೆಲವರು ಕೇಳಬಹುದು. ನಿಜ, ದಿನವೂ ಸೌದೆ ಸೀಳುವ ಮನೆಗಳು ಇಂದು ಹಿಂದಿನಷ್ಟಿಲ್ಲ. ಆದರೂ ಬಚ್ಚಲ ಒಲೆಗೆ, ಜಂಬರದ ದಿನದ ದೊಡ್ಡ ಅಡುಗೆಗೆ ಸೌದೆಯೇ ಬೇಕು. ಮಳೆಗಾಲದ ಗಾಳಿಗೆ ಮಾವಿನ ಕೊಂಬೆಯೊಂದು ದಾರಿಗಡ್ಡ ಬಿದ್ದಾಗ ನೆನಪಾಗುವುದೂ ಕೊಡಲಿಯೇ. ಅಪರೂಪಕ್ಕೆ ಬಳಸುತ್ತೇವೆಂಬುದೇ ಇಲ್ಲಿ ಹೆಚ್ಚಿನ ಅಪಾಯ. ದಿನವೂ ಕೊಡಲಿ ಹಿಡಿಯುವವನಿಗೆ ಅದು ಸಡಿಲಾದುದು ಕೈಗೇ ತಿಳಿಯುತ್ತದೆ. ಆರು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ಒರಗಿದ್ದ ಕೊಡಲಿಯನ್ನು ಊರಿಗೆ ರಜೆಗೆ ಬಂದ ಮಗನೋ ಅಳಿಯನೋ ಉತ್ಸಾಹದಿಂದ ಎತ್ತಿದರೆ, ಕಾವಿನೊಳಗೆ ನಡೆದ ಬದಲಾವಣೆ ಅವನಿಗೆ ತಿಳಿಯುವುದಾದರೂ ಹೇಗೆ?

ಅಪಾಯ ಎಷ್ಟು ದೊಡ್ಡದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಮನಗಾಣಬಹುದು. ಬೀಸಿದ ಕೊಡಲಿಯ ತಲೆ ಸೆಕೆಂಡಿಗೆ 10 ಮೀಟರಿನ ವೇಗದಲ್ಲಿ ಚಲಿಸುತ್ತಿದೆಯೆಂದು ಹಿಡಿಯೋಣ. ಆ ಗಳಿಗೆಯಲ್ಲಿ ಅದು ಕಾವಿನಿಂದ ಕಳಚಿಕೊಂಡರೆ, ಅಷ್ಟೇ ಭಾರದ ಕಬ್ಬಿಣವು ಸುಮಾರು 5 ಮೀಟರು ಎತ್ತರದಿಂದ ಬಿದ್ದಾಗ ಎಷ್ಟು ಬಲವಾಗಿ ತಗಲುವುದೋ ಅಷ್ಟೇ ಬಲವಾಗಿ ಎದುರಿಗಿದ್ದವರಿಗೆ ತಗಲುತ್ತದೆ. ಮಾಡಿನ ಮೇಲಿನಿಂದ ಒಂದೂವರೆ ಕಿಲೋ ತೂಕದ, ಅಲಗುಳ್ಳ ಕಬ್ಬಿಣ ಕೆಳಗೆ ಬೀಳುತ್ತಿರುವಾಗ ಅಂಗಳದಲ್ಲಿ ಮಕ್ಕಳನ್ನು ಆಡಲು ಬಿಡುವವರುಂಟೇ? ಈ ಭಯ ಇಂದಿನದೂ ಅಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಲ್ಲಿ, ನೆರೆಯವನೊಡನೆ ಕಾಡಿಗೆ ಮರ ಕಡಿಯಲು ಹೋದವನ ಕೊಡಲಿಯ ಕಬ್ಬಿಣವು ಕಾವಿನಿಂದ ಜಾರಿ ನೆರೆಯವನಿಗೆ ತಗಲಿ ಅವನು ಸತ್ತರೆ, ಹೊಡೆದವನು ಆಶ್ರಯದ ಪಟ್ಟಣಕ್ಕೆ ಓಡಿ ಪ್ರಾಣ ಉಳಿಸಿಕೊಳ್ಳಬಹುದೆಂಬ ವಿಧಿಯಿದೆ. ಧರ್ಮಶಾಸ್ತ್ರವೇ ಉದಾಹರಣೆಯಾಗಿ ಎತ್ತಿಕೊಳ್ಳುವಷ್ಟು ಪರಿಚಿತವಾದ ಅವಘಡ ಅದಾಗಿತ್ತು. ನಮ್ಮ ಪಡುವಣ ಕರಾವಳಿಯನ್ನು ಪರಶುರಾಮ ಕ್ಷೇತ್ರವೆನ್ನುತ್ತೇವೆ. ಆ ಮಹಾಪುರುಷ ಎಸೆದ ಕೊಡಲಿ ಸಮುದ್ರವನ್ನು ಹಿಂದೆ ಸರಿಸಿತೆಂಬುದು ಐತಿಹ್ಯ. ಅವನು ಎಸೆದುದು ಕಾವಿನ ಸಮೇತ. ನಮ್ಮ ಅಂಗಳದಲ್ಲಿ ಹಾರುವುದು ತಲೆ ಮಾತ್ರ. ಹಿಂದೆ ಸರಿಯಬೇಕಾದವರು ನೆರೆಹೊರೆಯವರು!

ಕಲ್ಲಿನ ಕಾಲದಿಂದ ಬಂದ ಸಮಸ್ಯೆ

ಬಳ್ಳಾರಿಯ ಬಳಿಯ ಸಂಗನಕಲ್ಲು ಮತ್ತು ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಪ್ಪು ಡೊಲೆರೈಟ್ ಶಿಲೆಯಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಆದೋನಿ, ರಾಯದುರ್ಗದ ಕಡೆಯ ನಮ್ಮ ಓದುಗರಿಗೆ ಅದು ದೂರದ ಊರಲ್ಲ. ಆ ಕಲ್ಲಿನ ಕೊಡಲಿಗಳಲ್ಲಿ ಕಾವಿಗಾಗಿ ಕೊರೆದ ತೂತು ಇಲ್ಲ. ಅಂಥ ಕಲ್ಲನ್ನು ಮರದಲ್ಲಿ ಸಿಕ್ಕಿಸಬೇಕು, ಇಲ್ಲವೇ ಮರಕ್ಕೆ ಬಿಗಿದು ಕಟ್ಟಬೇಕು. ಕಬ್ಬಿಣ ಬಂದ ಮೇಲೆ ಕ್ರಮ ತಿರುವುಮುರುವಾಯಿತು. ಮರದೊಳಗೆ ಕಲ್ಲು ಸೇರುವ ಬದಲು ಕಬ್ಬಿಣದೊಳಗೆ ಮರ ಸೇರಿತು. ಅಂದಿನಿಂದ ಇಂದಿನವರೆಗೆ ಇರುವ ಪ್ರಶ್ನೆ ಒಂದೇ: ಹಿಗ್ಗುತ್ತ ಕುಗ್ಗುತ್ತ ಇರುವ ಮರವನ್ನು, ಮಳೆಬಿಸಿಲಿಗೆ ಹಾಗೆ ಹಿಗ್ಗದ ಕುಗ್ಗದ ಕಬ್ಬಿಣದಲ್ಲಿ ಸ್ಥಿರವಾಗಿ ನಿಲ್ಲಿಸುವುದು ಹೇಗೆ?

ಮರವು ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವ ನೂರಕ್ಕೆ 90ರಷ್ಟಿದ್ದರೆ, ಅಲ್ಲಿಯೇ ಬಹುಕಾಲ ಇರಿಸಿದ ಮರದಲ್ಲಿ ಅದರ ಒಣತೂಕದ ನೂರಕ್ಕೆ 20ರಷ್ಟು ನೀರು ನಿಲ್ಲುತ್ತದೆ. ಗಾಳಿಯ ತೇವ 30ಕ್ಕೆ ಇಳಿದರೆ ಮರದಲ್ಲಿ ಉಳಿಯುವ ನೀರು ಸುಮಾರು 6 ಮಾತ್ರ. ನೀರು ಹೋದಂತೆ ಮರ ಅಡ್ಡಗಲಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಕಾವು ಸಡಿಲಾಗುವ ಗುಟ್ಟೆಲ್ಲ ಇಷ್ಟೇ. ಕಾಸರಗೋಡಿನ ಆಷಾಢದಲ್ಲಿ ಬಿಗಿಯಾಗಿ ಕೂರಿಸಿದ ಕಾವು ಚೈತ್ರದಲ್ಲಿ ಲೊಡಲೊಡ ಎನ್ನುವುದು ಬಡಗಿಯ ದೋಷವಲ್ಲ, ಋತುವಿನ ಧರ್ಮ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಒಣ ಬೇಸಗೆಯಲ್ಲಂತೂ ಕೇಳುವುದೇ ಬೇಡ. ಆದುದರಿಂದ ಮೊದಲ ಸೂತ್ರ: ಕಾವು ಹಾಕುವ ಕೆಲಸವನ್ನು ಬೇಸಗೆಯಲ್ಲಿ, ಮರವು ಅತ್ಯಂತ ಒಣಗಿರುವಾಗ ಮಾಡತಕ್ಕದ್ದು. ಆಗ ಬರುವ ಮಳೆ ಅದನ್ನು ಬಿಗಿಗೊಳಿಸೀತೇ ಹೊರತು ಸಡಿಲಿಸದು.

ಮರದ ಆಯ್ಕೆ

ಕಾವಿಗೆ ಬೇಕಾದುದು ಕೇವಲ ಗಟ್ಟಿತನವಲ್ಲ. ಏಟನ್ನು ನುಂಗಿಕೊಂಡು ಬಾಗಿ ಮತ್ತೆ ನೆಟ್ಟಗಾಗುವ ಗುಣ. ಮಲೆಯ ಕಡೆ ಈ ಗುಣಕ್ಕೆ ಹೆಸರಾದುದು ತಡಸಲು. ಕೆಲವೆಡೆ ದಡಸಲು ಎನ್ನುತ್ತಾರೆ, ಮಲಯಾಳದಲ್ಲಿ ಅದು ಚಡಚ್ಚಿ. ದಿಂಡಿಗವೂ ಹಾಗೆಯೇ ಶ್ರೇಷ್ಠ. ಈ ದಿಂಡಿಗಕ್ಕೆ ಮಲಯಾಳದಲ್ಲಿರುವ ಹೆಸರುಗಳಲ್ಲಿ ಒಂದು ಮಳುಕ್ಕಾಞ್ಞಿರ. ಅದರ ಮೊದಲ ಭಾಗವಾದ ‘ಮಳು’ ಎಂದರೆ ಕೊಡಲಿಯೇ. ಬಯಲುಸೀಮೆಯವರಿಗೆ ಕರಿಜಾಲಿಯಿದೆ; ಮರಾಠಿಯ ಬಾಭೂಳ, ತಮಿಳಿನ ಕರುವೇಲ, ತೆಲುಗಿನ ನಲ್ಲತುಮ್ಮ ಎಲ್ಲವೂ ಅದೇ. ಹುಣಸೆಯೂ ನಡೆಯುತ್ತದೆ. ಹಿತ್ತಿಲಲ್ಲೇ ಸಿಗಬೇಕೆಂದರೆ ಹಳೆಯ ಪೇರಳೆ ಮರದ, ಅಂದರೆ ಸೀಬೆಯ ನೆಟ್ಟನೆಯ ಕೊಂಬೆಯನ್ನು ನೋಡಬಹುದು. ಬೂರುಗದಂತಹ ಹಗುರ ಮರಗಳು ಸಲ್ಲವು. ತೇಗವು ಬಾಗಿಲು ಕಿಟಕಿಗಳಿಗೆ ಉತ್ತಮವಾದರೂ ಪದೇಪದೇ ಬೀಳುವ ಏಟನ್ನು ಸಹಿಸುವುದರಲ್ಲಿ ಹಿಂದು. ಅರಣ್ಯದಿಂದ ಅಪ್ಪಣೆಯಿಲ್ಲದೆ ಮರ ಕಡಿಯುವುದು ಅಪರಾಧವಾದುದರಿಂದ, ತಡಸಲು ದಿಂಡಿಗಗಳನ್ನು ಮರದ ಅಡ್ಡೆಯಲ್ಲಿ ವಿಚಾರಿಸಿ ಕೊಳ್ಳುವುದೇ ಸರಿ.

ಜಾತಿಗಿಂತಲೂ ಮುಖ್ಯವಾದುದು ಎಳೆಯ ಓಟ. ಮರದ ನಾರು ಕಾವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಡೆಬಿಡದೆ ಹರಿದಿರಬೇಕು. ಗರಗಸವು ನಾರಿನ ಹಾದಿಯನ್ನು ಲೆಕ್ಕಿಸದೆ ಕೊಯ್ಯುತ್ತದೆ. ಸೀಳು ನಾರಿನ ಹಾದಿಯಲ್ಲೇ ನಡೆಯುತ್ತದೆ. ಆದುದರಿಂದ ಕೊಯ್ದ ಪಟ್ಟಿಗಿಂತ ಸೀಳಿ ತೆಗೆದ ತುಂಡು ಮೇಲು. ನಾರು ಓರೆಯಾಗಿ ಬದಿಗೆ ಹೊರಬಿದ್ದಿರುವ ಕಡೆಯಲ್ಲಿ ಕಾವು ಒಂದು ದಿನ ಮುರಿದೇ ಮುರಿಯುತ್ತದೆ. ಗಂಟು, ಬಿರುಕು, ಹುಳು ಕೊರೆದ ಗುರುತು ಇರಬಾರದು.

ಹಸಿಮರವನ್ನು ಎಂದಿಗೂ ಬಳಸಬಾರದು. ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕೆಂಬುದು ಮರಗೆಲಸದಲ್ಲಿ ರೂಢಿಯಾಗಿರುವ ಲೆಕ್ಕ. ಎರಡು ತುದಿಗಳಿಗೂ ಮೇಣವನ್ನೋ ಬಣ್ಣವನ್ನೋ ಬಳಿದರೆ ತುದಿ ಸೀಳದು. ಎರಡು ಮೂರು ತುಂಡುಗಳನ್ನು ಅಟ್ಟದಲ್ಲಿ ಇರಿಸಿಕೊಂಡಿರುವ ಮನೆಯವರು, ಕಾವು ಮುರಿದ ದಿನ ಸಿಕ್ಕಿದ ಕೋಲನ್ನು ತುರುಕುವ ಅವಸರಕ್ಕೆ ಬೀಳುವುದಿಲ್ಲ.

ಹಳೆಯ ಕಾವನ್ನು ತೆಗೆಯುವುದು

ಮುರಿದ ಕಾವಿನ ತುಂಡನ್ನು ತೆಗೆಯಲು ಕೊಡಲಿಯನ್ನು ಬೆಂಕಿಗೆ ಹಾಕುವ ಪದ್ಧತಿ ಕೆಲವೆಡೆ ಇದೆ. ಇದು ಸರಿಯಲ್ಲ. ಕಮ್ಮಾರನು ಅಲಗಿಗೆ ಕೊಟ್ಟ ಹದ ಬೆಂಕಿಯಲ್ಲಿ ಇಳಿದುಹೋಗುತ್ತದೆ. ಅಲಗಿನ ಮೇಲೆ ನೀಲಿ ಬಣ್ಣ ಮೂಡಿತೆಂದರೆ ಅದು ಸುಮಾರು 300 ಡಿಗ್ರಿ ಸೆಂಟಿಗ್ರೇಡು ಶಾಖವನ್ನು ಕಂಡಿದೆಯೆಂದೇ ಅರ್ಥ. ಅನಂತರ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕಾವನ್ನು ಕಬ್ಬಿಣದ ಬುಡಕ್ಕೆ ಗರಗಸದಿಂದ ಕೊಯ್ದು, ಒಳಗುಳಿದ ಮರಕ್ಕೆ ಬೈರಿಗೆಯಿಂದ ನಾಲ್ಕಾರು ತೂತು ಕೊರೆದು, ಗಟ್ಟಿ ಮರದ ತುಂಡೊಂದನ್ನು ಇಟ್ಟು ಹೊಡೆದು ಹೊರದಬ್ಬಬೇಕು.

ಎತ್ತ ಕಡೆಗೆ ದಬ್ಬಬೇಕು? ಕಾವು ಸೇರುವ ತೂತನ್ನು ಕೊಡಲಿಯ ಕಣ್ಣು ಎನ್ನೋಣ. ಅನೇಕ ಕೊಡಲಿಗಳಲ್ಲಿ ಈ ಕಣ್ಣು ಒಂದು ಕಡೆ ತುಸು ಅಗಲ, ಇನ್ನೊಂದು ಕಡೆ ತುಸು ಕಿರಿದು. ಕಾವು ಕಿರಿದಾದ ಕಡೆಯಿಂದ ಒಳಹೊಕ್ಕು ಅಗಲವಾದ ಕಡೆ ತಲೆಯೆತ್ತುತ್ತದೆ. ಅಲ್ಲಿ ಬೆಣೆ ಜಡಿದು ಅದನ್ನು ಅರಳಿಸುತ್ತೇವೆ. ಅರಳಿದ ಮರ ಕಿರಿದಾದ ಬಾಯಿಯಿಂದ ಹಿಂದಕ್ಕೆ ನುಸುಳಲಾರದು. ಆದುದರಿಂದ ಹಳೆಯ ತುಂಡನ್ನು ಹೊರದಬ್ಬಬೇಕಾದುದೂ ಅಗಲವಾದ ಕಡೆಗೇ. ಪಿಕಾಸಿಯಲ್ಲಿ ಕ್ರಮ ಬೇರೆ. ಅಲ್ಲಿ ಕಾವಿನ ತಲೆಯೇ ದಪ್ಪ. ಹಿಡಿಕೆಯ ತುದಿಯಿಂದ ಕಬ್ಬಿಣವನ್ನು ಪೋಣಿಸಿ ತಲೆಯವರೆಗೆ ತರುತ್ತಾರೆ, ಬೀಸಿದಷ್ಟೂ ಅದು ಬಿಗಿಯುತ್ತದೆ, ಬೆಣೆ ಬೇಕಿಲ್ಲ. ಹಳ್ಳಿಯ ಕುಲುಮೆಯಲ್ಲಿ ಮಾಡಿದ ದುಂಡು ಕಣ್ಣಿನ ಕೆಲವು ಕೊಡಲಿಗಳೂ ಈ ರೀತಿಯವು. ನಿಮ್ಮ ಕೊಡಲಿ ಯಾವ ಬಗೆಯದೆಂದು ಮೊದಲು ನೋಡಿಕೊಳ್ಳಿ. ಕಣ್ಣಿನೊಳಗಿನ ತುಕ್ಕನ್ನು ತೆಗೆದು, ಚೂಪಾದ ಅಂಚಿದ್ದರೆ ಅರದಿಂದ ಉಜ್ಜಿ ಮೊಂಡು ಮಾಡಿ. ಆ ಅಂಚೇ ಮುಂದೆ ಕಾವನ್ನು ಕತ್ತರಿಸುವ ವೈರಿ.

ಕೂರಿಸುವ ಕ್ರಮ

ಸೌದೆ ಸೀಳುವ ದೊಡ್ಡ ಕೊಡಲಿಗೆ 28ರಿಂದ 32 ಅಂಗುಲ, ಒಂದು ಕೈಯ ಸಣ್ಣ ಕೊಡಲಿಗೆ 14ರಿಂದ 16 ಅಂಗುಲ ಉದ್ದ ಸಾಕು. ಕೊಡಲಿಯ ತಲೆಯನ್ನು ಅಂಗೈಯಲ್ಲಿ ಹಿಡಿದು ಕೈ ಚಾಚಿದಾಗ ಕಾವಿನ ತುದಿ ಕಂಕುಳಿಗೆ ಬರಬೇಕೆಂಬುದು ಅಳತೆಗೋಲಿಲ್ಲದವರ ಅಳತೆ. ಕಾವು ದುಂಡಗಿರದೆ ಮೊಟ್ಟೆಯಾಕಾರಕ್ಕಿದ್ದರೆ ಬೆವರಿದ ಕೈಯಲ್ಲಿ ತಿರುಗದು, ಅಲಗು ಎತ್ತ ಇದೆಯೆಂಬುದೂ ಕೈಗೆ ತಿಳಿಯುತ್ತದೆ.

ಕಣ್ಣಿನೊಳಗೆ ಹೋಗುವ ಭಾಗವನ್ನು ಕಣ್ಣಿಗಿಂತ ತುಸು ದಪ್ಪವಾಗಿಯೇ ಮೊದಲು ಕೆತ್ತಿಕೊಳ್ಳಿ. ಕಣ್ಣಿನ ಒಳಮೈಗೆ ಇದ್ದಿಲ ಮಸಿಯನ್ನು ಸವರಿ, ಕಾವನ್ನು ಸ್ವಲ್ಪ ಒಳಗೆ ಹೊಡೆದು ಹೊರತೆಗೆಯಿರಿ. ಮರದ ಮೇಲೆ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮಾತ್ರ ಹೆರೆಯಿರಿ. ಹೀಗೆ ಎಂಟು ಹತ್ತು ಸಲ ಮಾಡಿದಾಗ ಮರವು ಕಬ್ಬಿಣಕ್ಕೆ ಸುತ್ತಲೂ ಒತ್ತಿ ಕೂರುತ್ತದೆ. ಅವಸರದಿಂದ ಒಂದೇ ಬಾರಿಗೆ ಕೆತ್ತಿದರೆ ಎಲ್ಲೋ ಎರಡು ಕಡೆ ಮಾತ್ರ ತಾಗಿ ಉಳಿದೆಡೆ ಪೊಳ್ಳಾಗುತ್ತದೆ. ಬುಡದಲ್ಲಿ ಮೆಟ್ಟಿಲಿನಂತೆ ಚೌಕ ಕಚ್ಚು ಹಾಕಬೇಡಿ. ಏಟಿನ ಭಾರವೆಲ್ಲ ಆ ಮೂಲೆಗೇ ಸೇರಿ ಅಲ್ಲಿಯೇ ಮುರಿಯುತ್ತದೆ. ಮರವು ನಿಧಾನವಾಗಿ ದಪ್ಪವಾಗುತ್ತ ಹೋಗಲಿ.

ಅನಂತರ ಕಾವಿನ ತಲೆಯಲ್ಲಿ, ಅಲಗಿನಿಂದ ಕೊಡಲಿಯ ಬೆನ್ನಿನತ್ತ ಸಾಗುವ ದಿಕ್ಕಿನಲ್ಲಿ, ಗರಗಸದಿಂದ ಒಂದು ಸೀಳು ಕೊಯ್ಯಿರಿ. ಅದರ ಆಳ ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲಿರಲಿ. ಕಣ್ಣನ್ನು ದಾಟಿ ಸೀಳು ಕೆಳಗಿಳಿದರೆ ಕಾವು ಅಲ್ಲಿಂದಲೇ ಹೋಳಾಗುತ್ತದೆ.

ಈಗ ಕಾವನ್ನು ಒಳಗೆ ಸೇರಿಸಬೇಕು. ಹಲವರು ಕೊಡಲಿಯ ತಲೆಯನ್ನು ಕಲ್ಲಿನ ಮೇಲೆ ಇಟ್ಟು ಕಾವನ್ನು ಬಡಿಯುತ್ತಾರೆ. ಸುಲಭವಾದ ಬೇರೆ ದಾರಿಯಿದೆ. ಕಾವನ್ನು ಒಂದು ಕೈಯಲ್ಲಿ ನೆಟ್ಟಗೆ ಹಿಡಿದು, ಕೊಡಲಿಯ ತಲೆ ನೆಲಕ್ಕೆ ತಾಗದೆ ಕೆಳಗೆ ತೂಗುತ್ತಿರುವಂತೆ ಮಾಡಿ, ಮೇಲಿರುವ ಕಾವಿನ ಹಿಂತುದಿಗೆ ಮರದ ಕೊಡತಿಯಿಂದ ಹೊಡೆಯಿರಿ. ಪ್ರತಿ ಏಟಿಗೂ ಕಬ್ಬಿಣ ಕಾವಿನ ಮೇಲೆ ತಾನಾಗಿ ಏರುತ್ತದೆ! ನೋಡಿದವರಿಗೆ ಇದು ಕಣ್ಕಟ್ಟಿನಂತೆ ತೋರೀತು. ಇದ್ದ ಸ್ಥಿತಿಯನ್ನು ಬಿಡಲೊಲ್ಲದ ಭಾರದ ಜಡತ್ವವೇ ಇದಕ್ಕೆ ಕಾರಣ. ಹೊಡೆತಕ್ಕೆ ಹಗುರವಾದ ಕಾವು ಥಟ್ಟನೆ ಕೆಳಗಿಳಿಯುತ್ತದೆ. ಭಾರವಾದ ಕಬ್ಬಿಣ ಇದ್ದಲ್ಲೇ ಉಳಿಯುತ್ತದೆ. ಶಾಲೆಯಲ್ಲಿ ನ್ಯೂಟನ್ನನ ಮೊದಲನೆಯ ನಿಯಮವನ್ನು ಬಾಯಿಪಾಠ ಮಾಡುವ ಮಕ್ಕಳನ್ನು ಕರೆದು ಈ ಪ್ರಯೋಗವನ್ನು ತೋರಿಸಿರಿ. ಪಾಠ ಮಲಯಾಳದಲ್ಲಿರಲಿ, ಮರಾಠಿಯಲ್ಲಿರಲಿ, ಅರ್ಥ ಅಂಗಳದಲ್ಲಿ ಆಗುತ್ತದೆ.

ಕಾವಿನ ತಲೆ ಕಣ್ಣನ್ನು ದಾಟಿ ಕಾಲು ಅಂಗುಲ ಮೇಲೆ ಬಂದಾಗ ನಿಲ್ಲಿಸಿ. ಹಿಂತುದಿಯಿಂದ ಕಣ್ಣು ಹಾಯಿಸಿ, ಅಲಗು ಕಾವಿನ ನೇರಕ್ಕಿದೆಯೋ ನೋಡಿ. ಓರೆಯಿದ್ದರೆ ತೆಗೆದು ಮತ್ತೆ ಹೆರೆಯುವುದಕ್ಕೆ ಇದೇ ಕೊನೆಯ ಅವಕಾಶ.

ಬೆಣೆಯ ಕೆಲಸ

ಬೆಣೆಯು ಚೆನ್ನಾಗಿ ಒಣಗಿದ ಮರದ್ದಾಗಿರಬೇಕು. ಸೀಳಿನಷ್ಟೇ ಅಗಲ, ತುದಿಯಲ್ಲಿ ತೆಳು, ತಲೆಯಲ್ಲಿ ಕಾಲು ಅಂಗುಲಕ್ಕಿಂತ ತುಸು ಹೆಚ್ಚು ದಪ್ಪ. ನೆಟ್ಟಗೆ ಇಟ್ಟು ಕೊಡತಿಯಿಂದ ಸಮನಾಗಿ ಹೊಡೆಯಿರಿ. ಇಲ್ಲೊಂದು ಮೋಸವಿದೆ. ಬೆಣೆಯ ತುದಿ ಸೀಳಿನ ತಳಕ್ಕೆ ತಾಗಿ ನಿಂತರೂ ಬಿಗಿದಂತೆಯೇ ತೋರುತ್ತದೆ. ಆದರೆ ಪಕ್ಕಗಳು ಅರಳಿರುವುದಿಲ್ಲ. ಆದುದರಿಂದ ಬೆಣೆಯ ಉದ್ದ ಸೀಳಿನ ಆಳಕ್ಕೆ ಹೊಂದುವಂತೆ ತುದಿಯನ್ನು ಮೊದಲೇ ಸ್ವಲ್ಪ ಕೊಯ್ದುಕೊಳ್ಳಬೇಕು. ಬೆಣೆ ಇನ್ನು ಇಳಿಯದು ಎಂದಾದಾಗ ಹೆಚ್ಚಿದ್ದುದನ್ನು ಕೊಯ್ದು, ಕಾವಿನ ತಲೆಯನ್ನು ಕಬ್ಬಿಣದ ಮಟ್ಟಕ್ಕಿಂತ ತುಸು ಮೇಲೆಯೇ ಉಳಿಸಿ. ಆ ಮೇಲುಳಿದ ಅರಳೇ ಕೊಡಲಿಗೆ ಕಾವಲು. ಕಬ್ಬಿಣದ ಬೆಣೆಯನ್ನು ಮುಂದೆಂದಾದರೂ ಬೇಕಾದರೆ ಅಡ್ಡಲಾಗಿ ಹೊಡೆಯಬಹುದು. ಮೊದಲ ದಿನವೇ ಹೊಡೆದು ಆ ಉಪಾಯವನ್ನು ಕಳೆದುಕೊಳ್ಳಬೇಡಿ.

ಕೊನೆಗೆ ತಲೆಯ ಮೇಲ್ಗಡೆ ಕಾಣುವ ಮರಕ್ಕೂ ಇಡೀ ಕಾವಿಗೂ ಅಗಸೆ ಎಣ್ಣೆ ಹಚ್ಚಿ ಒರಸಿ, ಒಣಗಲು ಬಿಡಿ. ಅಗಸೆ ಎಣ್ಣೆ ಮರದಲ್ಲಿ ಒಣಗಿ ಗಟ್ಟಿಯಾಗುತ್ತದೆ. ತೆಂಗಿನ ಎಣ್ಣೆ ಹಾಗೆ ಒಣಗುವುದಿಲ್ಲ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಅದನ್ನು ಹರಡಿ ಒಣಗಿಸಿ.

ಮಾಡಬಾರದ ಎರಡು ಉಪಾಯಗಳು

ಸಡಿಲಾದ ಕೊಡಲಿಗೆ ನಮ್ಮಲ್ಲಿ ಎರಡು ದಿಢೀರ್ ಮದ್ದುಗಳಿವೆ. ಒಂದು, ಸಂದಿಗೆ ಮೊಳೆ ಜಡಿಯುವುದು. ಮೊಳೆಯು ನಾರನ್ನು ಸೀಳುತ್ತದೆಯೇ ಹೊರತು ಕಾವನ್ನು ಸಮನಾಗಿ ಅರಳಿಸುವುದಿಲ್ಲ. ಕೆಲವು ತಿಂಗಳಲ್ಲಿ ತುಕ್ಕು ಹಿಡಿದು, ಸುತ್ತಲಿನ ಮರವನ್ನೂ ಕೆಡಿಸಿ, ಕೊನೆಗೊಂದು ದಿನ ತಾನೂ ಹಾರುತ್ತದೆ.

ಇನ್ನೊಂದು, ರಾತ್ರಿಯಿಡೀ ಕೊಡಲಿಯನ್ನು ನೀರಿನ ಬಾಲ್ದಿಯಲ್ಲಿ ಮುಳುಗಿಸಿಡುವುದು. ಬೆಳಿಗ್ಗೆ ಅದು ಕಲ್ಲಿನಂತೆ ಬಿಗಿದಿರುತ್ತದೆ ಎಂಬುದು ನಿಜ. ಆದರೆ ಹಿಗ್ಗಲು ಹೊರಟ ಮರಕ್ಕೆ ಕಬ್ಬಿಣ ಎಡೆ ಕೊಡುವುದಿಲ್ಲ. ನಾರುಗಳು ತಮ್ಮ ಮೇಲೆ ತಾವೇ ಒತ್ತಿಕೊಂಡು ನಜ್ಜಾಗುತ್ತವೆ. ಮತ್ತೆ ಒಣಗಿದಾಗ ಮರ ಮೊದಲಿನ ಅಳತೆಗೂ ನಿಲ್ಲದೆ ಇನ್ನಷ್ಟು ಕುಗ್ಗುತ್ತದೆ. ಹೀಗೆ ಪ್ರತಿ ಸಲ ನೆನೆಸಿದಾಗಲೂ ಮುಂದಿನ ಸಡಿಲು ಹಿಂದಿನದಕ್ಕಿಂತ ಹೆಚ್ಚು. ಇಂದಿನ ಬಿಗಿಯನ್ನು ನಾಳಿನ ಸಡಿಲಿನಿಂದ ಸಾಲ ತಂದಂತೆ ಇದು.

ಬೀಸುವ ಮುನ್ನ

ಕೊಡಲಿ ಎತ್ತುವ ಮೊದಲು ತಲೆಯನ್ನು ಹಿಡಿದು ಅಲುಗಿಸಿ. ಕಾವು ಕಣ್ಣಿನ ಮಟ್ಟಕ್ಕಿಂತ ಒಳಗಿಳಿದಿದೆಯೋ ನೋಡಿ. ಕಳಚಿದ ತಲೆ ಬೀಸಿನ ನೇರದಲ್ಲೇ ಹಾರುವುದರಿಂದ ಮುಂದುಗಡೆ, ಹಿಂದುಗಡೆ ಯಾರೂ ನಿಲ್ಲಕೂಡದು. ಹೊಸ ಕಾವಿನ ಮೊದಲ ಹತ್ತು ಏಟು ಮೆಲ್ಲಗಿರಲಿ. ಆಮೇಲೆ ಇನ್ನೊಮ್ಮೆ ನೋಡಿ. ಸಂದು ಕಂಡರೆ ಕೆಲಸ ನಿಲ್ಲಿಸಿ. ಅರ್ಧ ಕಟ್ಟು ಸೌದೆ ಉಳಿದರೆ ಉಳಿಯಲಿ. ಬಚ್ಚಲ ನೀರು ನಾಳೆ ಕಾದರೂ ನಡೆದೀತು.

ಇನ್ನೊಂದು ಮಾತು. ನಮ್ಮ ಸುತ್ತಣ ಭಾಷೆಗಳಲ್ಲಿ ಕೊಡಲಿಗೆ ತಮಿಳರೂ ಮಲಯಾಳಿಗಳೂ ಕೋಡಾಲಿ ಎನ್ನುತ್ತಾರೆ, ತೆಲುಗರು ಗೊಡ್ಡಲಿ ಎನ್ನುತ್ತಾರೆ. ನಮ್ಮ ಕಾವು ತೆಲುಗಿನಲ್ಲಿ ಕಾಮ, ತಮಿಳಿನಲ್ಲಿ ಕಾಂಬು. ಒಂದೇ ಬಳ್ಳಿಯ ಹೂಗಳಿವು. ಮರಾಠಿಯಲ್ಲಿ ಅದು ದಾಂಡಾ. ನೆರೆಯವರ ಮಾತು ನಮ್ಮ ಮಕ್ಕಳಿಗೆ ಶಾಲೆಯಲ್ಲಿ, ಪೇಟೆಯಲ್ಲಿ ತಾನಾಗಿ ಬರುತ್ತದೆ. ಬರಲಿ, ಅದು ಸಂಪತ್ತು. ಆದರೆ ಕಾವು, ಬೆಣೆ, ಕೊಡತಿ, ಬೈರಿಗೆ ಎಂಬ ನಮ್ಮ ಮಾತುಗಳು ಪುಸ್ತಕದಿಂದ ಬರುವುದಿಲ್ಲ. ಕೆಲಸ ಮಾಡುವಾಗ ಅಜ್ಜನೋ ಅಪ್ಪನೋ ‘ಆ ಬೆಣೆ ಕೊಡು ಮಗಾ’ ಎಂದಾಗ ಮಾತ್ರ ಬರುತ್ತವೆ. ಕೆಲಸ ನಿಂತ ಮನೆಯಲ್ಲಿ ಮಾತೂ ನಿಲ್ಲುತ್ತದೆ. ಈ ಬೇಸಗೆಯ ರಜೆಯಲ್ಲಿ ಮನೆಯ ಕೊಡಲಿಯನ್ನು ಹೊರತೆಗೆದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾವು ಬದಲಾಯಿಸಿರೆಂದು ಓದುಗ ಬಂಧುಗಳಲ್ಲಿ ಕೇಳಿಕೊಳ್ಳುತ್ತೇವೆ. ಕಾವು ಬಿಗಿಯಾದ ಮೇಲೆ ಅಲಗನ್ನು ಹರಿತಗೊಳಿಸಬೇಕಷ್ಟೇ. ಸಾಣೆ ಹಿಡಿಯುವ ವಿಚಾರವನ್ನು ಮುಂದಿನ ತಿಂಗಳು ಹೇಳುತ್ತೇವೆ.